ಸರ್ಪವಿಷವೂ ಹೃದಯಾವರಣವೂ

೧

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಕ್ಯಾತನಹಳ್ಳಿಯೂ, ಅದರ ನೆರೆಯ ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳೂ ಬೇಸಾಯವನ್ನೇ ನಂಬಿ ಬಾಳುವ ಪ್ರದೇಶಗಳು. ೧೯೧೧ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸವು ಆರಂಭವಾಯಿತು. ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯು ಮಂಡ್ಯದ ಬಯಲುಗಳಿಗೆ ನೀರನ್ನು ತಂದಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪೆನಿಯು ಸ್ಥಾಪಿತವಾಯಿತು. ರಾಗಿಯ ಹೊಲಗಳ ನಡುವೆ ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಹಬ್ಬಿದುವು. ಧಾನ್ಯವಿರುವೆಡೆಯಲ್ಲಿ ಇಲಿಯಿರುವುದೂ ಇಲಿಯಿರುವೆಡೆಗೆ ಹಾವು ಬರುವುದೂ ಸೃಷ್ಟಿನಿಯಮವಷ್ಟೆ. ಕಳೆ ಕೀಳುವ ಕೈಗೂ ಕೊಯ್ಲಿನ ಕಾಲಿಗೂ ಬರಿನೆಲದಲ್ಲಿ ಮಲಗುವ ದೇಹಕ್ಕೂ ಈ ಪ್ರಾಣಿಯ ಭಯವು ತಪ್ಪಿದುದಲ್ಲ.

ಈ ನಾಡಿನಲ್ಲಿ ಮನುಷ್ಯರ ಪ್ರಾಣಕ್ಕೆ ಬಹುಮಟ್ಟಿಗೆ ಕಂಟಕವಾಗಿರುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳಲ್ಲೊಂದು ಕಚ್ಚಿದಾಗ ಕನ್ನಡಿಗನು ‘ವಿಷವೇರಿತು’ ಎನ್ನುವನು. ಚಿಕಿತ್ಸೆ ಮಾಡುವವನು ‘ವಿಷವನ್ನು ಇಳಿಸುವನು’. ಈ ಎರಡು ಕ್ರಿಯಾಪದಗಳಲ್ಲಿ ಒಂದು ಶರೀರಶಾಸ್ತ್ರವೇ ಅಡಗಿದೆ. ವಿಷವು ಪಾದದಿಂದಲೋ ಬೆರಳಿನಿಂದಲೋ ಹೊರಟು ಮೇಲುಮೇಲಕ್ಕೆ ಹತ್ತುವುದು, ಎದೆಯನ್ನು ಮುಟ್ಟಿದರೆ ಮನುಷ್ಯನು ಉಳಿಯನು ಎಂಬ ಭಾವನೆಯೇ ಈ ಮಾತುಗಳ ಬುಡದಲ್ಲಿರುವುದು. ಈ ಭಾವನೆ ಎಲ್ಲಿಂದ ಬಂದಿತು? ಇದರಲ್ಲಿ ಸತ್ಯವೆಷ್ಟು? ಸರ್ಪವಿಷಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಪೂರ್ವಿಕರು ಹೇಗೆ ತಿಳಿದಿದ್ದರು, ಆಧುನಿಕರು ಹೇಗೆ ತಿಳಿದಿರುವರು? ಈ ಪ್ರಶ್ನೆಗಳ ವಿಚಾರವು ವೈದ್ಯರಿಗೆ ಮಾತ್ರವಲ್ಲದೆ ಶಾಸ್ತ್ರಸಾಹಿತ್ಯವನ್ನು ಓದಿಸುವವರಿಗೂ ಅವಶ್ಯಕವಾದುದು. ಏಕೆಂದರೆ ಪ್ರಾಚೀನ ಗ್ರಂಥವೊಂದರಲ್ಲಿ ಕಂಡ ಲಕ್ಷಣ, ಅದಕ್ಕೆ ಕೊಟ್ಟ ಕಾರಣ, ವಿಧಿಸಿದ ಚಿಕಿತ್ಸೆ ಇವು ಮೂರೂ ಬೇರೆಬೇರೆ ವಸ್ತುಗಳು. ಒಂದು ಸತ್ಯವಾದ ಮಾತ್ರಕ್ಕೆ ಉಳಿದೆರಡೂ ಸತ್ಯವಾಗುವುದಿಲ್ಲ. ಇವನ್ನು ಬೆರಸಿ ಹೊಗಳಿದರೆ ಅದರ ಬೆಲೆಯನ್ನು ತೆರುವವನು ಹೊಲದಲ್ಲಿ ಕಚ್ಚಿಸಿಕೊಂಡವನು.

೨

ವಿಷಚಿಕಿತ್ಸೆಯು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಅದಕ್ಕೆ ಅಗದತಂತ್ರವೆಂದು ಹೆಸರು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಈ ಅಂಗಕ್ಕೇ ಮೀಸಲಾಗಿದೆ. ವಿಷಸರ್ಪಗಳನ್ನು ಸುಶ್ರುತನು ಮುಖ್ಯವಾಗಿ ಮೂರು ವರ್ಗವಾಗಿ ವಿಂಗಡಿಸುವನು. ಹೆಡೆಯುಳ್ಳುವು ದರ್ವೀಕರಗಳು; ಮೈಮೇಲೆ ಮಂಡಲಗಳುಳ್ಳುವು ಮಂಡಲಿಗಳು; ಗೆರೆಗಳುಳ್ಳುವು ರಾಜಿಮಂತಗಳು. ಮೊದಲನೆಯದು ನಾಗರಹಾವೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯದನ್ನು ಕೊಳಕುಮಂಡಲವೇ ಮೊದಲಾದುವೆಂದೂ ಮೂರನೆಯದನ್ನು ಕಟ್ಟುಹಾವಿನ ಜಾತಿಯೆಂದೂ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುವರು. ಶಾಸ್ತ್ರದ ‘ಮಂಡಲಿ’ ಎಂಬ ವರ್ಗನಾಮವು ಒಕ್ಕಲಿಗನ ‘ಕೊಳಕುಮಂಡಲ’ದಲ್ಲಿ ಇಂದಿಗೂ ಜೀವಂತವಾಗಿರುವುದು ಗಮನಿಸತಕ್ಕ ಸಂಗತಿ. ಕಚ್ಚಿದೆಡೆಯ ಮಾಂಸವು ಕೊಳೆಯುವುದರಿಂದಲೇ ಮೊದಲ ಪದವು ಬಂದಿತೆಂದು ಜನರು ಹೇಳುವರು.

ಲಕ್ಷಣಗಳ ವಿವರಣೆಯಲ್ಲಿ ಸುಶ್ರುತನ ದೃಷ್ಟಿ ಬಹು ಸೂಕ್ಷ್ಮವಾದುದು. ದರ್ವೀಕರವು ಕಚ್ಚಿದರೆ ತಲೆಯ ಭಾರ, ಸೊಂಟ ಬೆನ್ನು ಕುತ್ತಿಗೆಗಳ ನಿಶ್ಶಕ್ತಿ, ಆಕಳಿಕೆ, ಸ್ವರವು ಕುಗ್ಗುವುದು, ಗಂಟಲಿನ ಗುರುಗುರು ಸದ್ದು ಇವನ್ನು ಹೇಳುವನು. ಮಂಡಲಿಯಾದರೆ ಉರಿ, ಊತ, ಮಾಂಸವು ಶಿಥಿಲವಾಗಿ ಕಳಚುವುದು, ಊರ್ಧ್ವಾಧೋಮಾರ್ಗಗಳಿಂದ ರಕ್ತವು ಹೋಗುವುದು ಇವನ್ನು ಹೇಳುವನು. ಮೊದಲನೆಯ ಪಟ್ಟಿಯು ನರಗಳನ್ನು ಹಿಡಿಯುವ ವಿಷವನ್ನೂ ಎರಡನೆಯ ಪಟ್ಟಿಯು ರಕ್ತವನ್ನು ಕೆಡಿಸುವ ವಿಷವನ್ನೂ ಸೂಚಿಸುವುವೆಂಬುದು ಇಂದಿನ ವೈದ್ಯನಿಗೆ ಒಡನೆಯೇ ಗೊತ್ತಾಗುವುದು. ಆದರೆ ಸುಶ್ರುತನು ಕೊಡುವ ಕಾರಣವು ಬೇರೆ. ದರ್ವೀಕರವು ವಾತವನ್ನು, ಮಂಡಲಿಯು ಪಿತ್ತವನ್ನು, ರಾಜಿಮಂತವು ಕಫವನ್ನು ಕೆರಳಿಸುವುದೆಂದು ಅವನ ಮತ. ವಿಷವು ಏಳು ವೇಗಗಳಲ್ಲಿ ಒಂದು ಧಾತುವಿನಿಂದ ಮತ್ತೊಂದಕ್ಕೆ ಹಾಯುವುದೆಂದು ಅವನು ಹೇಳಿದರೆ, ಚರಕನು ಎಂಟು ವೇಗಗಳನ್ನು ಎಣಿಸುವನು. ‘ವಿಷವೇರುವುದು’ ಎಂಬ ಕನ್ನಡದ ನುಡಿಗೆ ಶಾಸ್ತ್ರದಲ್ಲಿ ಸಮನಾದ ಕಲ್ಪನೆ ಇದೇ.

ಹೃದಯದ ವಿಚಾರವು ಸ್ಪಷ್ಟವಾಗಿ ಬರುವುದು ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ. ಅದರ ೨೩ನೆಯ ಅಧ್ಯಾಯದಲ್ಲಿ ವಿಷಕ್ಕೆ ೨೪ ಉಪಕ್ರಮಗಳು ಹೇಳಲ್ಪಟ್ಟಿರುವುವು. ಮಂತ್ರ, ಕಟ್ಟು, ಕೊಯ್ತ, ಹಿಂಡುವಿಕೆ, ಹೀರುವಿಕೆ, ಸುಡುವಿಕೆ, ರಕ್ತವನ್ನು ತೆಗೆಯುವಿಕೆ, ವಮನ, ವಿರೇಚನ ಮೊದಲಾದ ಈ ಪಟ್ಟಿಯಲ್ಲಿ ‘ಹೃದಯಾವರಣ’ವೂ ಒಂದು. ವಿಷವು ಹೃದಯವನ್ನು ಆಕ್ರಮಿಸುವ ಮೊದಲೇ ಅದಕ್ಕೊಂದು ಮರೆಯನ್ನು ಕಲ್ಪಿಸಬೇಕೆಂಬುದು ಇದರ ತಾತ್ಪರ್ಯ. ಅದಕ್ಕಾಗಿ ಜೇನು, ತುಪ್ಪ, ಮಜ್ಜೆ, ಹಾಲು, ಕಾವಿಕಲ್ಲು, ಗೋಮಯದ ರಸ, ಪಕ್ವಮಾಡಿದ ಕಬ್ಬಿನ ರಸ, ಆಡು ಮೊದಲಾದುವುಗಳ ರಕ್ತ, ಬೂದಿ, ಮಣ್ಣು ಇವುಗಳಲ್ಲಿ ಆ ಹೊತ್ತಿಗೆ ಯಾವುದು ದೊರೆಯುವುದೋ ಅದನ್ನು ಬೇಗನೆ ಕುಡಿಸಬೇಕೆಂದು ಚರಕನು ವಿಧಿಸುವನು. ದೊರೆತುದನ್ನು ಕೊಡು, ತಡಮಾಡಬೇಡ ಎಂಬ ಧ್ವನಿಯು ಈ ಪಟ್ಟಿಯಲ್ಲಿ ಕೇಳಿಬರುವುದು. ಕಾಲವೇ ಮುಖ್ಯವೆಂಬುದನ್ನು ಚರಕನು ಅರಿತಿದ್ದನು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚರಕಸುಶ್ರುತರ ‘ಹೃದಯ’ವು ಚೈತನ್ಯದ ಮತ್ತು ಓಜಸ್ಸಿನ ನೆಲೆ. ಅದು ವಿಲಿಯಂ ಹಾರ್ವೆಯು ೧೬೨೮ರಲ್ಲಿ ವರ್ಣಿಸಿದ, ರಕ್ತವನ್ನು ದೇಹದಲ್ಲೆಲ್ಲ ಸುತ್ತಿಸುವ ಸ್ನಾಯುಯಂತ್ರವೆಂದು ತಿಳಿಯಬಾರದು. ಪ್ರಜ್ಞೆ ತಪ್ಪುವುದು, ಮೈ ತಣ್ಣಗಾಗುವುದು, ನಾಡಿ ಕುಗ್ಗುವುದು ಇವನ್ನೆಲ್ಲ ಕಂಡ ಪ್ರಾಚೀನ ವೈದ್ಯನು ಜೀವದ ನೆಲೆಗೇ ಪೆಟ್ಟು ಬಿದ್ದಿತೆಂದು ಊಹಿಸಿದನು. ಅವನ ಅನುಭವವು ನಿಜವಾದುದು. ಆದರೆ ಅವನ ಪದಕ್ಕೆ ಇಂದಿನ ಅರ್ಥವನ್ನು ತುಂಬಿದರೆ ಚರಿತ್ರೆಯು ಕೆಡುವುದು.

೩

ಈ ಶಾಸ್ತ್ರವು ಕನ್ನಡನಾಡಿಗೆ ಬಂದುದು ಬಹುಮಟ್ಟಿಗೆ ಜೈನವೈದ್ಯರ ಮೂಲಕ. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದವನೆಂದು ಎಣಿಸಲಾದ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಬರೆದನು. ಔಷಧದಲ್ಲಿ ಮಾಂಸವನ್ನು ಬಳಸುವುದನ್ನು ಅವನು ಖಂಡಿಸಿರುವನು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಇವನ ಚಿಕಿತ್ಸಾಕ್ರಮದಲ್ಲಿ ಮದ್ಯ, ಮಾಂಸ, ಮಧು ಇವು ಮೂರೂ ವರ್ಜ್ಯ. ಈ ನಿಯಮವನ್ನು ಚರಕನ ಹೃದಯಾವರಣದ ಪಟ್ಟಿಗೆ ಅನ್ವಯಿಸಿದರೆ ಜೇನು, ಮಜ್ಜೆ, ಆಡಿನ ರಕ್ತ ಇವು ಬಿದ್ದುಹೋಗಿ ತುಪ್ಪ, ಹಾಲು, ಕಬ್ಬಿನ ರಸ, ಕಾವಿಕಲ್ಲು, ಬೂದಿ, ಮಣ್ಣು ಮುಂತಾದುವು ಉಳಿಯುವುವು. ಧರ್ಮವು ಔಷಧದ ಚೀಲವನ್ನು ಹೇಗೆ ತಿದ್ದುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕನ್ನಡದಲ್ಲಿ ವಿಷವೈದ್ಯವನ್ನೇ ವಸ್ತುವಾಗಿ ಉಳ್ಳ ಪ್ರಖ್ಯಾತ ಗ್ರಂಥವೆಂದರೆ ಮಂಗರಾಜನ ಖಗೇಂದ್ರಮಣಿದರ್ಪಣ. ಖಗೇಂದ್ರನೆಂದರೆ ಗರುಡ, ಸರ್ಪಗಳ ಶತ್ರು. ಕರ್ಣಾಟಕ ಕವಿಚರಿತೆಯಲ್ಲಿ ಈ ಕವಿಯ ಕಾಲವನ್ನು ಸುಮಾರು ೧೩೬೦ ಎಂದು ನಿರ್ಣಯಿಸಿದೆ. ಎಂದರೆ ವಿಜಯನಗರದ ಆದಿಕಾಲ. ಹದಿನಾರು ಅಧಿಕಾರಗಳುಳ್ಳ ಈ ಪದ್ಯಗ್ರಂಥವು ಸ್ಥಾವರ ಜಂಗಮ ವಿಷಗಳೆರಡನ್ನೂ ಕುರಿತದ್ದು. ಮಂಗರಾಜನು ಪೂಜ್ಯಪಾದರ ವೈದ್ಯಪರಂಪರೆಗೆ ತಾನು ಋಣಿಯೆಂದು ಹೇಳಿಕೊಂಡಿರುವನು. ೧೯೪೨ರಲ್ಲಿ ಮದರಾಸು ವಿಶ್ವವಿದ್ಯಾಲಯವು ಇದನ್ನು ಮುದ್ರಿಸಿ ಪ್ರಕಟಿಸಿತು. ಅಲ್ಲಿಂದೀಚೆಗೆ ಶಾಸ್ತ್ರಸಾಹಿತ್ಯದ ವಿಚಾರ ಬಂದಾಗಲೆಲ್ಲ ಈ ಗ್ರಂಥದ ಹೆಸರು ಬರುವುದು ವಾಡಿಕೆಯಾಗಿದೆ.

ಮಂಗರಾಜನ ನಿಜವಾದ ಹಿರಿಮೆ ಯಾವುದು? ಪಂಡಿತರ ಭಾಷೆಯಲ್ಲಿ ಅಡಗಿದ್ದ ಪ್ರಾಣರಕ್ಷಕವಿದ್ಯೆಯನ್ನು ಜನರ ಭಾಷೆಗೆ ತಂದುದು. ಅಪಾಯವು ಬಂದಾಗ ಗ್ರಂಥವನ್ನು ಹುಡುಕಿ ತೆರೆಯಲು ವ್ಯವಧಾನವಿರದು. ಪದ್ಯವಾದರೆ ನಾಲಗೆಯ ತುದಿಯಲ್ಲಿರುವುದು. ಛಂದಸ್ಸು ಇಲ್ಲಿ ಅಲಂಕಾರವಲ್ಲ, ನೆನಪಿನ ಸಾಧನ. ಈ ದೃಷ್ಟಿಯಿಂದ ಅವನು ಲೋಕೋಪಕಾರಿಯಾದ ಕವಿ. ಆದರೆ ಚರಕನದನ್ನು ಚರಕನಿಗೂ ಸುಶ್ರುತನದನ್ನು ಸುಶ್ರುತನಿಗೂ ಬಿಟ್ಟುಕೊಟ್ಟು ಮಂಗರಾಜನದನ್ನು ಮಾತ್ರ ಅವನಿಗೆ ಸಲ್ಲಿಸುವುದು ನ್ಯಾಯ. ಅಷ್ಟೇ ಅಲ್ಲ, ಔಷಧವೂ ಮಂತ್ರವೂ ಕೂಡಿ ನಡೆಯುತ್ತಿದ್ದ ಕಾಲದ ಗ್ರಂಥವನ್ನು ಇಂದಿನ ಚಿಕಿತ್ಸೆಗೆ ಪ್ರಮಾಣವಾಗಿ ಹಿಡಿಯುವುದು ಆ ಗ್ರಂಥಕ್ಕೂ ಗೌರವವಲ್ಲ, ರೋಗಿಗೂ ಕ್ಷೇಮವಲ್ಲ.

ಶಾಸ್ತ್ರವು ಹೇಳದುದನ್ನು ಕೆಲವು ವೇಳೆ ಕಾವ್ಯವು ಹೇಳುವುದು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವನು ಕಾಡಿಗೆ ಹೋದುದು ವಿನೋದಕ್ಕಲ್ಲ. ಒಡೆಯನ ಮನೆಯ ಊಳಿಗಕ್ಕಾಗಿ. ಹುತ್ತದೆಡೆಯಲ್ಲಿ ಹಾವು ಅವನನ್ನು ಕಚ್ಚಿತು. ಜೊತೆಯ ಹುಡುಗರು ಹೆದರಿ ಹಿಂದಿರುಗಿದರು. ಸುದ್ದಿಯನ್ನು ಕೇಳಿದ ತಾಯಿಗೆ ಒಡನೆ ಹೊರಡಲು ಬಿಡುವಿಲ್ಲ. ಕೆಲಸ ಮುಗಿದ ಮೇಲೆ ಕತ್ತಲಲ್ಲಿ ಅವಳು ಮಗನನ್ನು ಹುಡುಕುತ್ತ ಹೋಗಬೇಕಾಯಿತು. ಕರುಣರಸದ ಉದಾಹರಣೆಯೆಂದು ಈ ಸಂದರ್ಭವನ್ನು ಪಾಠಶಾಲೆಗಳಲ್ಲಿ ಬೋಧಿಸುವರು. ಆದರೆ ಸರ್ಪದಂಶದ ಸಾಮಾಜಿಕ ಸ್ವರೂಪವೆಲ್ಲ ಅಲ್ಲಿದೆ: ಕಚ್ಚಿಸಿಕೊಂಡವನು ದುಡಿಯುವ ಬಡವ, ಸ್ಥಳವು ಊರಿನಿಂದ ದೂರ, ಸುದ್ದಿಯು ತಡ, ಸಹಾಯವು ಮತ್ತಷ್ಟು ತಡ. ಕಾವ್ಯದಲ್ಲಿ ಲೋಹಿತಾಶ್ವನಿಗೆ ದೇವರ ಕೃಪೆಯಿಂದ ಪ್ರಾಣವು ಮರಳಿ ಬಂದಿತು. ಹೊಲದಲ್ಲಿ ಹಾಗಾಗುವುದಿಲ್ಲ.

೪

ಐರೋಪ್ಯರಲ್ಲಿ ವಿಷದ ಪರೀಕ್ಷೆಯು ಪ್ರಯೋಗಮಾರ್ಗವನ್ನು ಹಿಡಿದುದು ಹದಿನೇಳನೆಯ ಶತಮಾನದಲ್ಲಿ. ಇಟಲಿಯ ಫ್ರಾಂಚೆಸ್ಕೊ ರೇಡಿಯು ೧೬೬೪ರಲ್ಲಿ, ಹಾವಿನ ವಿಷವು ಪಿತ್ತದಲ್ಲಿಲ್ಲ, ಹಲ್ಲಿನ ಬಳಿಯಲ್ಲಿದೆ; ಅದನ್ನು ನುಂಗಿದರೆ ಕೇಡಿಲ್ಲ, ಗಾಯದೊಳಗೆ ಹೋದರೆ ಮಾತ್ರ ಕೇಡು ಎಂದು ತೋರಿಸಿದನು. ಅದೇ ದೇಶದ ಫೆಲಿಚೆ ಫೊಂಟಾನನು ೧೭೮೧ರ ತನ್ನ ದೊಡ್ಡ ಗ್ರಂಥದಲ್ಲಿ ವಿಷವು ರಕ್ತದ ಮೇಲೆ ನಡೆಯಿಸುವ ಪರಿಣಾಮವನ್ನು ಪರೀಕ್ಷಿಸಿದನು. ಭಾರತದ ಹಾವುಗಳ ವಿಚಾರದಲ್ಲಿ ಮೊದಲ ದೊಡ್ಡ ಗ್ರಂಥವು ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಪ್ಯಾಟ್ರಿಕ್ ರಸೆಲ್ಲನದು; ಕೋರಮಂಡಲ ತೀರದ ಹಾವುಗಳನ್ನು ಕುರಿತ ಅದು ೧೭೯೬ರಲ್ಲಿ ಪ್ರಕಟವಾಯಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇವನ ಹೆಸರೇ ನಿಂತಿದೆ.

ಜೋಸೆಫ್ ಫೇರರನು ೧೮೭೨ರಲ್ಲಿ ಭಾರತದ ವಿಷಸರ್ಪಗಳ ಮೇಲೆ ಬೃಹದ್ಗ್ರಂಥವನ್ನು ಪ್ರಕಟಿಸಿದನು. ಅನಂತರ ಅವನೂ ಲಾಡರ್ ಬ್ರಂಟನನೂ ಕೂಡಿ ನಡಸಿದ ಪ್ರಯೋಗಗಳು ಹೃದಯದ ಪ್ರಶ್ನೆಗೆ ಹೊಸ ತಿರುವನ್ನು ಕೊಟ್ಟುವು. ನಾಗರಹಾವಿನ ವಿಷದಿಂದ ಪ್ರಾಣಿಯು ಸಾಯುವಾಗ ಮೊದಲು ನಿಲ್ಲುವುದು ಉಸಿರು. ಉಸಿರು ನಿಂತ ಮೇಲೂ ಹೃದಯವು ಸ್ವಲ್ಪ ಕಾಲ ಬಡಿಯುತ್ತಲೇ ಇರುವುದು. ಕೃತಕವಾಗಿ ಉಸಿರಾಡಿಸಿದರೆ ಆ ಬಡಿತವನ್ನು ಇನ್ನೂ ಬಹಳ ಹೊತ್ತು ಮುಂದುವರಿಸಬಹುದು ಎಂದು ಅವರು ಕಂಡರು. ಸಾವಿರಾರು ವರ್ಷಗಳಿಂದ ವಿಷದ ಕೊನೆಯ ಗುರಿಯೆಂದು ಎಣಿಸಿದ್ದ ಹೃದಯವು ಹೀಗೆ ಹಿಂದಕ್ಕೆ ಸರಿದು ಆ ಸ್ಥಾನಕ್ಕೆ ಶ್ವಾಸವು ಬಂದಿತು. ಎ. ಜೆ. ವಾಲ್ ಎಂಬವನು ೧೮೮೩ರ ತನ್ನ ಗ್ರಂಥದಲ್ಲಿ ನಾಗರಹಾವಿನ ವಿಷಕ್ಕೂ ಮಂಡಲದ ಜಾತಿಯ ವಿಷಕ್ಕೂ ಇರುವ ಭೇದವನ್ನು ವಿವರಿಸಿದನು. ಸುಶ್ರುತನು ಲಕ್ಷಣಗಳ ಮೂಲಕ ಕಂಡಿದ್ದ ದರ್ವೀಕರ ಮಂಡಲಿ ಭೇದವು ಈಗ ಪ್ರಯೋಗದಿಂದ ಸ್ಥಿರಪಟ್ಟಿತು.

೧೮೯೪ರಲ್ಲಿ ಫ್ರಾನ್ಸಿನ ಆಲ್ಬೇರ್ ಕಾಲ್ಮೆಟ್ಟನು ವಿಷವನ್ನು ಸ್ವಲ್ಪಸ್ವಲ್ಪವಾಗಿ ಪ್ರಾಣಿಗಳಿಗೆ ಚುಚ್ಚಿ ಅವುಗಳ ರಕ್ತದ್ರವದಿಂದ ಪ್ರತಿವಿಷವನ್ನು ಪಡೆಯುವ ಕ್ರಮವನ್ನು ಪ್ರಕಟಿಸಿದನು. ಒಂದೇ ಔಷಧವು ಎಲ್ಲ ಹಾವುಗಳಿಗೂ ಸಾಲುವುದೆಂದು ಮೊದಲು ನಂಬಿದರು. ಭಾರತದಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಲ್ಯಾಂಬನು, ನಾಗರಹಾವಿಗೆ ಮದ್ದಾದುದು ಕೊಳಕುಮಂಡಲಕ್ಕೆ ಮದ್ದಾಗದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೋರಿಸಿದನು. ಈ ಕಾರಣದಿಂದಲೇ ಭಾರತದಲ್ಲಿ ಈಗ ಬಳಸುವ ಪ್ರತಿವಿಷವನ್ನು ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಗಳನ್ನೂ ಕುದುರೆಗಳಿಗೆ ಚುಚ್ಚಿ ಸಿದ್ಧಪಡಿಸುವರು.

‘ಪ್ರತಿವಿಷ’ವೆಂಬ ಪದವೇ ವಿಚಾರಾರ್ಹವಾದುದು. ಚರಕನ ೨೪ ಉಪಕ್ರಮಗಳಲ್ಲಿ ಇದೂ ಒಂದು. ಜಂಗಮವಿಷವೂ ಸ್ಥಾವರವಿಷವೂ ಒಂದಕ್ಕೊಂದು ವಿರುದ್ಧವಾದ ದಿಕ್ಕಿನಲ್ಲಿ ಹರಿಯುವುದರಿಂದ ಒಂದು ಮತ್ತೊಂದನ್ನು ತಡೆಯುವುದೆಂದು ಅವನ ಊಹೆ. ಇಂದಿನ ಪ್ರತಿವಿಷದ ತತ್ತ್ವವು ಸಂಪೂರ್ಣವಾಗಿ ಬೇರೆ. ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ವಿಷದ ಕಣಗಳನ್ನು ಹಿಡಿದು ನಿಷ್ಫಲಗೊಳಿಸುವುವು. ಹೆಸರು ಉಳಿಯಿತು, ವಸ್ತುವು ಬದಲಾಯಿತು. ಪದವು ಒಂದೇ ಆದುದರಿಂದ ವಿದ್ಯೆಯೂ ಒಂದೇ ಎಂದು ವಾದಿಸುವುದು ಭಾಷಾಚರಿತ್ರೆಯನ್ನು ಬಲ್ಲವರಿಗೆ ಒಪ್ಪತಕ್ಕುದಲ್ಲ.

೫

ಹಿಂದಕ್ಕೆ ಸರಿದಿದ್ದ ಹೃದಯವು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಮುಂದಕ್ಕೆ ಬಂದಿತು. ಇದಕ್ಕೆ ಕಾರಣಗಳು ಎರಡು. ಹಾಲೆಂಡಿನ ಐಂಥೋವನನು ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ನಿರ್ಮಿಸಿ ೧೯೨೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಇ. ಸಿ. ಜಿ. ಎಂದು ಜನರು ಕರೆಯುವ ಈ ಲೇಖನವು, ನಾಡಿಯನ್ನು ಹಿಡಿದ ಬೆರಳಿಗೆ ತಿಳಿಯದ ವ್ಯತ್ಯಾಸಗಳನ್ನು ಕಣ್ಣಿಗೆ ಕಾಣಿಸಿತು. ಎರಡನೆಯದು ಭಾರತದಲ್ಲೇ ನಡೆದ ಕೆಲಸ. ನಾಗರಹಾವಿನ ವಿಷದ ಭಾಗಗಳನ್ನು ಬೇರ್ಪಡಿಸುತ್ತಿದ್ದ ಎನ್. ಕೆ. ಸರ್ಕಾರನು, ಹೃದಯದ ಮೇಲೆ ನೇರವಾಗಿ ವರ್ತಿಸುವ ಒಂದು ಅಂಶವನ್ನು ಪ್ರತ್ಯೇಕಿಸಿ ೧೯೪೭ರಲ್ಲಿ ಭಾರತೀಯ ರಸಾಯನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದಕ್ಕೆ ಹೃದಯವಿಷವೆಂಬ ಅರ್ಥದ ‘ಕಾರ್ಡಿಯೋಟಾಕ್ಸಿನ್’ ಎಂಬ ಹೆಸರು ನಿಂತಿತು. ಅರವತ್ತರ ಆಸುಪಾಸಿನ ಅಮೈನೊ ಆಮ್ಲಗಳಿಂದಾದ ಈ ಚಿಕ್ಕ ಸಸಾರಜನಕವು ಹೃದಯದ ಸ್ನಾಯುಕೋಶಗಳ ಪೊರೆಯನ್ನು ಕೆಡಿಸುವುದೆಂದು ಈಚೆಗೆ ತಿಳಿದಿದೆ.

ಇಂದು ತಿಳಿದಿರುವಂತೆ ಸರ್ಪವಿಷವು ಹೃದಯವನ್ನು ಮುಟ್ಟುವ ದಾರಿಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಈಗ ಹೇಳಿದ ನೇರವಾದ ದಾರಿ. ಎರಡನೆಯದು ರಕ್ತದ ದಾರಿ. ಕೊಳಕುಮಂಡಲದ ವಿಷವು ರಕ್ತವನ್ನು ಹೆಪ್ಪುಗಟ್ಟಿಸುವ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಅಕಾಲದಲ್ಲಿ ಎಬ್ಬಿಸುವುದು. ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ಹೀಗೆ ವ್ಯಯವಾಗಿ ಕೊನೆಗೆ ರಕ್ತವು ಹೆಪ್ಪುಗಟ್ಟಲಾರದೆ ಹರಿಯುವುದು. ಸೂಕ್ಷ್ಮನಾಳಗಳಿಂದ ದ್ರವವು ಸೋರಿ ರಕ್ತದ ಒತ್ತಡವು ಕುಸಿಯುವುದು. ಕೆಲವರಲ್ಲಿ ಹೃದಯದ ಸ್ನಾಯುವಿನೊಳಗೇ ರಕ್ತಸ್ರಾವವಾಗುವುದೂ ಅದರ ರಕ್ತನಾಳಕ್ಕೆ ತಡೆಯುಂಟಾಗಿ ಹೃದಯಾಘಾತವಾಗುವುದೂ ಕಂಡುಬಂದಿರುವುವು. ಆದರೆ ಇವು ವಿರಳ. ಸುಶ್ರುತನು ಮಂಡಲಿಗೆ ಹೇಳಿದ ರಕ್ತಸ್ರಾವದ ಒಳಗಿನ ಕಾರಣವು ಇದೇ. ಆಶ್ಚರ್ಯವೆಂದರೆ, ೧೯೩೪ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಎಂಬವರು, ರಕ್ತವು ನಿಲ್ಲದ ಕುಲರೋಗವುಳ್ಳವರ ಗಾಯದ ಮೇಲೆ ಇದೇ ವಿಷವನ್ನು ಬಹಳ ತೆಳುವಾಗಿ ಲೇಪಿಸಿ ರಕ್ತವನ್ನು ನಿಲ್ಲಿಸಬಹುದೆಂದು ತೋರಿಸಿದರು.

ಮೂರನೆಯದು ಮೂತ್ರಪಿಂಡದ ದಾರಿ. ಕೊಳಕುಮಂಡಲದ ವಿಷದಿಂದ ಮೂತ್ರಪಿಂಡಗಳು ಕೆಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಲವಣವು ಹೆಚ್ಚುವುದು. ಅದು ಮಿತಿಮೀರಿದರೆ ಹೃದಯದ ಲಯವು ತಪ್ಪಿ ನಿಂತುಹೋಗುವುದು. ಕಚ್ಚಿದ ಕೆಲವು ದಿನಗಳ ಮೇಲೆ, ಗಂಡಾಂತರವು ಕಳೆಯಿತೆಂದು ಮನೆಯವರು ಎಣಿಸಿರುವಾಗ ಒದಗುವ ಸಾವುಗಳಲ್ಲಿ ಇದೂ ಒಂದು ಕಾರಣ. ನಾಲ್ಕನೆಯದು ಉಸಿರಿನ ದಾರಿ. ನಾಗರಹಾವು ಕಟ್ಟುಹಾವುಗಳ ವಿಷದಿಂದ ರೆಪ್ಪೆಗಳು ಬೀಳುವುವು, ನುಂಗುವುದು ಕಷ್ಟವಾಗುವುದು, ಕೊನೆಗೆ ಉಸಿರಾಡುವ ಸ್ನಾಯುಗಳು ನಿಲ್ಲುವುವು. ಪ್ರಾಣವಾಯುವಿಲ್ಲದೆ ಹೃದಯವೂ ನಿಲ್ಲುವುದು. ನಾಗರಹಾವಿನಲ್ಲಿ ಹೃದಯವಿಷವಿದ್ದರೂ ಮನುಷ್ಯನನ್ನು ಸಾಮಾನ್ಯವಾಗಿ ಮೊದಲು ಕೊಲ್ಲುವುದು ಈ ನಾಲ್ಕನೆಯ ದಾರಿಯೇ. ಆದುದರಿಂದ ಫೇರರ್ ಬ್ರಂಟನರ ನಿರ್ಣಯವು ಬಿದ್ದುಹೋಗಲಿಲ್ಲ. ಅದಕ್ಕೆ ಅನುಬಂಧವು ಸೇರಿತು.

ಇವುಗಳೊಡನೆ ಭಯವನ್ನೂ ಹೇಳಬೇಕು. ಕತ್ತಲಲ್ಲಿ ಏನೋ ಕಚ್ಚಿದಾಗ ವಿಷದ ಶಂಕೆಯಿಂದಲೇ ಜ್ವರ, ವಾಂತಿ, ಮೂರ್ಛೆಗಳು ಬರುವುವೆಂದು ಚರಕನು ಹೇಳಿ ಅದಕ್ಕೆ ‘ಶಂಕಾವಿಷ’ವೆಂದು ಹೆಸರಿಟ್ಟು, ಧೈರ್ಯ ಹೇಳುವುದನ್ನು ಚಿಕಿತ್ಸೆಯಾಗಿ ವಿಧಿಸಿರುವನು. ತೀವ್ರವಾದ ಭಯಶೋಕಗಳಿಂದ ಹೃದಯದ ಸ್ನಾಯುವು ತಾತ್ಕಾಲಿಕವಾಗಿ ದುರ್ಬಲವಾಗುವ ಒಂದು ಸ್ಥಿತಿಯನ್ನು ಜಪಾನಿನ ವೈದ್ಯರು ೧೯೯೦ರಲ್ಲಿ ವರ್ಣಿಸಿದರು. ಹಳ್ಳಿಯವರು ‘ಎದೆಯೊಡೆದುಕೊಂಡ’ ಎನ್ನುವ ಮಾತು ಹುರುಳಿಲ್ಲದುದಲ್ಲ. ಕಚ್ಚಿಸಿಕೊಂಡವನಿಗೆ ಸಮಾಧಾನ ಹೇಳಬೇಕೆಂಬ ಚರಕನ ವಿಧಿಯು ಇಂದಿನ ಪ್ರಥಮಚಿಕಿತ್ಸೆಯಲ್ಲಿಯೂ ಮೊದಲನೆಯದಾಗಿದೆ.

೬

ಪ್ರಾಚೀನ ಉಪಕ್ರಮಗಳಲ್ಲಿ ಧೈರ್ಯವನ್ನು ಹೇಳುವುದು ಉಳಿಯಿತು. ಉಳಿದುವುಗಳಲ್ಲಿ ಅನೇಕವು ಅಪಾಯ ತರುವುವೆಂದು ಸ್ಥಿರಪಟ್ಟಿದೆ. ಕೊಯ್ದರೆ, ಹೆಪ್ಪುಗಟ್ಟದ ರಕ್ತವು ನಿಲ್ಲದೆ ಹರಿಯುವುದು. ಹೀರುವುದರಿಂದ ಪ್ರಯೋಜನವಿಲ್ಲ. ಕಚ್ಚಿದೆಡೆಯ ಮೇಲೆ ನಾಲ್ಕು ಅಂಗುಲ ಬಿಟ್ಟು ಕಟ್ಟಬೇಕೆಂಬ ಸುಶ್ರುತನ ವಿಧಿಯನ್ನು ಟವಲಿನಿಂದಲೋ ಹಗ್ಗದಿಂದಲೋ ಹೊಲದಲ್ಲಿ ಇಂದಿಗೂ ಪಾಲಿಸುವರು. ಬಿಗಿಯಾದ ಕಟ್ಟಿನಿಂದ ಅಂಗವು ಸತ್ತುಹೋಗಬಹುದು. ಅದನ್ನು ಒಮ್ಮೆಲೇ ಬಿಚ್ಚಿದರೆ ವಿಷವು ಏಕಕಾಲದಲ್ಲಿ ನುಗ್ಗಿ ಉಸಿರೂ ರಕ್ತದ ಒತ್ತಡವೂ ಕುಸಿಯಬಹುದು. ನುಂಗಲಾರದವನಿಗೆ ತುಪ್ಪವನ್ನೋ ಹಾಲನ್ನೋ ಕುಡಿಸಿದರೆ ಅದು ಶ್ವಾಸನಾಳವನ್ನು ಸೇರುವುದು. ಹೃದಯವನ್ನು ಕಾಯಲೆಂದು ಕೊಟ್ಟ ವಸ್ತುವು ಉಸಿರನ್ನೇ ತಡೆಯುವಂತಾಗುವುದು.

ಹಾಗಾದರೆ ನಿಜವಾದ ಹೃದಯಾವರಣವು ಯಾವುದು? ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಯಿಸದೆ, ಒಡನೆ ಆಸ್ಪತ್ರೆಗೆ ಒಯ್ಯುವುದು. ಅಲ್ಲಿ ಸುಮಾರು ೨ ಮಿಲಿಲೀಟರ್ ರಕ್ತವನ್ನು ಶುಚಿಯಾದ ಒಣ ಗಾಜಿನ ನಳಿಕೆಯಲ್ಲಿ ೨೦ ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುವುದೋ ಇಲ್ಲವೋ ನೋಡುವರು. ಯಾವ ದೊಡ್ಡ ಯಂತ್ರವೂ ಬೇಡದ ಈ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಮಾಡಬಹುದು. ವಿಷದ ಲಕ್ಷಣಗಳು ಕಂಡರೆ ೮ರಿಂದ ೧೦ ಸೀಸೆ ಪ್ರತಿವಿಷವನ್ನು ರಕ್ತನಾಳದ ಮೂಲಕ ಕೊಡುವುದು ಭಾರತದ ವೈದ್ಯಕ್ರಮ. ಮಗುವಿಗೂ ಪ್ರಮಾಣವು ಅಷ್ಟೇ. ಹಾವು ಮಗುವೆಂದು ವಿಷವನ್ನು ಕಡಮೆ ಇಳಿಸುವುದಿಲ್ಲ. ಕುದುರೆಯ ಸಾರವಾದುದರಿಂದ ಪ್ರತಿವಿಷವೇ ಕೆಲವರಿಗೆ ಒಗ್ಗದೆ ರಕ್ತದ ಒತ್ತಡವು ಕುಸಿಯಬಹುದು. ಅದಕ್ಕಾಗಿ ಅಡ್ರಿನಲೀನ್ ಮದ್ದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವರು. ನಾಗರಹಾವಿನ ವಿಷದಿಂದ ಸೋತ ಸ್ನಾಯುಗಳಿಗೆ ನಿಯೋಸ್ಟಿಗ್ಮಿನನ್ನು ಕೊಡುವಾಗ ಜೊತೆಗೆ ಅಟ್ರೋಪಿನನ್ನೂ ಕೊಡುವರು. ಇಲ್ಲವಾದರೆ ಹೃದಯದ ಬಡಿತವು ಅತಿಯಾಗಿ ನಿಧಾನವಾಗುವುದು. ಉಸಿರು ಸೋತರೆ ಯಂತ್ರದಿಂದ ಉಸಿರಾಡಿಸುವರು. ಮೂತ್ರಪಿಂಡಗಳು ಸೋತರೆ ರಕ್ತವನ್ನು ಯಂತ್ರದಿಂದ ಶೋಧಿಸುವರು. ಮೇಲೆ ಹೇಳಿದ ನಾಲ್ಕು ದಾರಿಗಳಿಗೂ ಹೀಗೆ ಕಾವಲುಂಟು. ಆದರೆ ಹೃದಯವನ್ನೋ ಮೂತ್ರಪಿಂಡವನ್ನೋ ಮುಟ್ಟಿ ಆಗಿಹೋದ ಕೇಡನ್ನು ಪ್ರತಿವಿಷವು ಹಿಂದಿರುಗಿಸಲಾರದು. ಮೊದಲ ಗಂಟೆಗಳ ಬೆಲೆ ಇಷ್ಟಿಷ್ಟೆಂದು ಹೇಳಲಾಗದು.

ಈ ಕಾವಲಿನಲ್ಲಿಯೂ ಕೊರತೆಗಳಿಲ್ಲದಿಲ್ಲ. ಪ್ರತಿವಿಷಕ್ಕೆ ಬೇಕಾದ ವಿಷವು ಬಹುಕಾಲದಿಂದ ಹೆಚ್ಚಾಗಿ ತಮಿಳುನಾಡಿನಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘದಿಂದ ಬಂದಿತು. ಒಂದೇ ಜಾತಿಯ ಹಾವಿನ ವಿಷವು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಂಶೋಧಕರೂ ಇತರರೂ ತೋರಿಸಿರುವರು. ೨೦೦೦ದಿಂದ ೨೦೧೯ರ ವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು ೧೨ ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಸತ್ತಿರುವರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಉಪೇಕ್ಷಿತ ರೋಗಗಳ ಮೊದಲ ವರ್ಗಕ್ಕೆ ಸೇರಿಸಿತು. ೨೦೨೪ರ ಫೆಬ್ರವರಿಯಲ್ಲಿ ಕರ್ಣಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಘೋಷಿಸಿತು. ರಾಘವಾಂಕನ ಕಾಲದಿಂದ ಲೆಕ್ಕಕ್ಕೆ ಬಾರದೆ ಹೋಗುತ್ತಿದ್ದ ಸಾವುಗಳು ಹೀಗೆ ಲೆಕ್ಕದ ಪುಸ್ತಕಕ್ಕೆ ಬರುವ ಮಾರ್ಗವಾಯಿತು.

ಒಟ್ಟಿನಲ್ಲಿ ನೋಡಿದರೆ, ಹೃದಯವನ್ನು ಮೊದಲು ಕಾಯಬೇಕೆಂದ ಚರಕನ ಕಾಳಜಿಯೂ, ಹಾವಿನ ಜಾತಿಯಂತೆ ವಿಷದ ಸ್ವಭಾವವು ಬೇರೆಯೆಂದ ಸುಶ್ರುತನ ಲಕ್ಷಣವಿವೇಚನೆಯೂ, ಈ ವಿದ್ಯೆಯು ಜನರ ನುಡಿಯಲ್ಲಿರಬೇಕೆಂದು ಬಗೆದ ಮಂಗರಾಜನ ಉದ್ದೇಶವೂ ಕಾಲದ ಪರೀಕ್ಷೆಯಲ್ಲಿ ನಿಂತಿವೆ. ಅವರು ಕೊಟ್ಟ ಕಾರಣಗಳೂ ಮದ್ದುಗಳೂ ನಿಂತಿಲ್ಲ. ಖಗೇಂದ್ರಮಣಿದರ್ಪಣವನ್ನು ಪಾಠಹೇಳುವ ಉಪಾಧ್ಯಾಯನು ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವುದು ಕರ್ತವ್ಯ. ಕ್ಯಾತನಹಳ್ಳಿಯಂಥ ಊರಿನ ವಿದ್ಯಾರ್ಥಿಗೆ ಇದು ಪರೀಕ್ಷೆಯ ಪ್ರಶ್ನೆಗಿಂತ ಹೆಚ್ಚಿನದು. ಅವನ ತಂದೆತಾಯಿಗಳು ನಾಳೆ ಬೆಳಗ್ಗೆ ಗದ್ದೆಗೆ ಇಳಿಯುವವರು. ಮಂಗರಾಜನು ಇಂದು ಇದ್ದಿದ್ದರೆ ಯಾವ ಮದ್ದನ್ನು ಪದ್ಯಕ್ಕೆ ಇಳಿಸುತ್ತಿದ್ದನೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಲುಗಿಸಬೇಡಿ, ಕೊಯ್ಯಬೇಡಿ, ಬಿಗಿಯಬೇಡಿ, ಬೇಗನೆ ಆಸ್ಪತ್ರೆಗೆ ಒಯ್ಯಿರಿ ಎಂಬ ನಾಲ್ಕು ಮಾತುಗಳು ಒಂದು ಕಂದಪದ್ಯಕ್ಕೆ ಹೆಚ್ಚಾಗವು.